ಕೆಂಪು ಹೊಳೆಯದ ಚಿಪ್

ನಾಲ್ಕನೆಯ ಚಿಪ್ ಕೂಡ ಹೊಳೆಯಲಿಲ್ಲ. ವಿಜ್ಞಾನಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಗೂಟಕ್ಕೆ ನೇತುಹಾಕಿದ್ದ ತಮ್ಮನ ಕೋಟನ್ನು ನೋಡಿದಳು. ಅವನು ಕಾಯಿಲೆಯಿಂದ ತೀರಿಕೊಂಡು ತಿಂಗಳಾಗಿತ್ತು. ಅಂದಿನಿಂದ ಒಂದೇ ಒಂದು ಚಿಪ್ ಹೊಳೆದಿಲ್ಲ.

ಅವಳ ಸೂತ್ರ ಸರಳ. ರೇಡಿಯೋ ಅಲೆ ಹಿಡಿಯಲು ಅದರ ಅರ್ಧದಷ್ಟು ಉದ್ದದ ಆಂಟೆನಾ ಬೇಕು. ಬೆಳಕೂ ಅಲೆಯೇ. ಗಾಜಿನ ಚಿಪ್ ಮೇಲೆ ಅದೇ ಲೆಕ್ಕದಲ್ಲಿ ಚಿನ್ನದ ಸಣ್ಣ ಕಡ್ಡಿಗಳನ್ನು ಕೊರೆದರೆ, ಆ ಪುಟಾಣಿ ಆಂಟೆನಾಗಳು ಕೆಂಪು ಬೆಳಕನ್ನು ಹಿಡಿದು ಹೊಳೆಯುತ್ತವೆ. ಕೊರೆಯುವ ಯಂತ್ರ ತಮ್ಮನ ಕೈಯಲ್ಲಿತ್ತು. ಕೊರೆದದ್ದನ್ನು ಅಳೆದು ವರದಿ ಬರೆಯುವವನೂ ಅವನೇ. ಮೊದಲು ಮನೆಮನೆಯ ಛಾವಣಿ ಹತ್ತಿ ಟಿವಿ ಆಂಟೆನಾ ಕೂರಿಸುತ್ತಿದ್ದವನು, ಅಕ್ಕನ ಮಾತಿಗೆ ಕಟ್ಟುಬಿದ್ದು ಇಲ್ಲಿಗೆ ಬಂದಿದ್ದ.

ಕೆಲಸ ಶುರುವಾಗುವ ಮುಂಚೆ ಅವನೊಮ್ಮೆ ಎಲ್ಲರೆದುರು ಬಾಯಿ ಹಾಕಿದ್ದ. “ಅಕ್ಕಾ, ಬೆಳಕು ಚಿನ್ನದ ಒಳಕ್ಕೂ ನುಗ್ಗುತ್ತೆ, ಅಲ್ಲಿ ಅದರ ಅಲೆ ಗಿಡ್ಡ ಆಗುತ್ತೆ. ನಿನ್ನ ಲೆಕ್ಕ ಉದ್ದ ಆಯ್ತು. ಇದರಲ್ಲಿ ಅರ್ಧ ಸಾಕು.”

“ಛಾವಣಿ ಹತ್ತಿದವನು ನನಗೆ ಪಾಠ ಹೇಳ್ಬೇಡ.”

ಎಲ್ಲರೂ ನಕ್ಕರು. ಅವನ ಮುಖ ಸಣ್ಣದಾಯಿತು. ವಾರದೊಳಗೆ ಮೊದಲ ಚಿಪ್ ಕೆಂಡದಂತೆ ಹೊಳೆದಾಗ ಅವಳು ಅವನತ್ತ ಹುಬ್ಬೇರಿಸಿದಳು. “ಹೊಳೀತಲ್ಲ ಅಕ್ಕಾ, ಅಷ್ಟು ಸಾಕು” ಎಂದ. ಮತ್ತೆಂದೂ ಆ ಮಾತೆತ್ತಲಿಲ್ಲ. ಅವಳೂ ಕ್ಷಮೆ ಕೇಳಲಿಲ್ಲ.

ಈಗ ಅವನು ಸೇಡು ತೀರಿಸಿಕೊಳ್ಳುತ್ತಿದ್ದಾನೆ. ಯಂತ್ರದ ಪಂಪಿನ ಸದ್ದಿನೊಳಗೆ ಅವನ ಸಿಳ್ಳೆ ಕೇಳಿಸುತ್ತದೆ. ಕುರ್ಚಿ ಅವನು ಬಿಟ್ಟುಹೋದಂತೆಯೇ ಕಿಟಕಿಗೆ ಮುಖಮಾಡಿದೆ. ಅದನ್ನು ಸರಿಸಲು ಅವಳಿಗೆ ಭಯ. ನಾಳೆ ಪರಿಶೀಲನಾ ಸಮಿತಿ ಬರುತ್ತದೆ. ಚಿಪ್ ಹೊಳೆಯದಿದ್ದರೆ ಎಂಟು ವರ್ಷದ ಪ್ರಯೋಗಾಲಯಕ್ಕೆ ಬೀಗ ಬೀಳುತ್ತದೆ. ಅವಳು ಖಾಲಿ ಕುರ್ಚಿಗೆ ಕೈಮುಗಿದಳು.

“ತಪ್ಪಾಯ್ತು ಕಣೋ. ನನ್ನ ಬೆಳಕು ನನಗೆ ವಾಪಸ್ ಕೊಡು.”

ಬಾಗಿಲಲ್ಲಿ, ತಮ್ಮನ ಜಾಗಕ್ಕೆ ಬಂದಿದ್ದ ಹೊಸ ಆಪರೇಟರ್ ನಿಂತಿದ್ದಳು. ಕೇಳಿಸಿಕೊಂಡಳೋ ಏನೋ, ತಲೆ ತಗ್ಗಿಸಿದಳು. ತನ್ನದೇ ತಪ್ಪಿರಬಹುದೆಂದು ಯಂತ್ರದಲ್ಲಿದ್ದ ಹಳೆಯ ಕೆಲಸವನ್ನೆಲ್ಲ ತೆಗೆದು ನೋಡಿದೆ ಎಂದಳು.

“ನೀವು ಬರೆದುಕೊಟ್ಟ ಉದ್ದವನ್ನೇ ನಾನು ಕೊರೆದಿದ್ದೀನಿ ಮೇಡಂ, ಒಂಚೂರೂ ಹೆಚ್ಚುಕಮ್ಮಿ ಇಲ್ಲ. ನಿಮ್ಮ ತಮ್ಮ ಮಾತ್ರ ಒಂದು ಸಲವೂ ಆ ಉದ್ದ ಕೊರೆದಿಲ್ಲ.”

ಪರದೆಯ ಮೇಲೆ ನಲವತ್ತೊಂದು ಫೈಲುಗಳಿದ್ದವು, ಹೊಳೆದ ಒಂದೊಂದು ಚಿಪ್‌ಗೂ ಒಂದರಂತೆ. ಪ್ರತಿಯೊಂದರಲ್ಲೂ ಅವಳ ಅಳತೆಯನ್ನು ಸರಿಯಾಗಿ ಅರ್ಧ ಮಾಡಿ, ಕೆಳಗೆ ಅವನು ಅದೇ ಒಂದು ಸಾಲು ಬರೆದಿಟ್ಟಿದ್ದ: “ನಾಳೆ ಅಕ್ಕನಿಗೆ ಹೇಳ್ಬೇಕು.”