ಅಡವಿಟ್ಟ ಕೋವಿ

ಕೊಡಗು ಮೈಸೂರಿಗೆ ಸೇರಿದ ಐದನೆಯ ವರ್ಷದ ಪುಷ್ಯ ಮಾಸ. ಅಂಗಳದ ತುಂಬ ಕಾಫಿ ಹಣ್ಣು ಹರಡಿತ್ತು. ಬೊಳ್ಳಮ್ಮ ಅದನ್ನು ಕಾಲಿನಿಂದ ಸಾಲು ಸಾಲಾಗಿ ಮಗುಚುತ್ತಿದ್ದಳು. ನೆರೆಮನೆಯ ಸಿದ್ದಮ್ಮ ಬೇಲಿ ದಾಟಿ ಓಡಿಬಂದಳು.

"ಅವ್ನು ಬತ್ತಾವ್ನೆ ಬೊಳ್ಳಮ್ಮೋರೆ. ಒಂದು ಕಾಸೂ ಕೊಡಬ್ಯಾಡಿ. ಸಾಲ ಕೊಡೋನು ಮುಂಚೇನೇ ಇಸ್ಕೊಳ್ಳಾಕಿಲ್ಲ, ನಂಗೆ ಈಗ ತಿಳೀತು."

ಅವನೆಂದರೆ ಸಾಲದ ಏಜೆಂಟು, ಮೈಸೂರಿನ ಕಡೆಯ ನಾಗರಾಜು. ಐನೂರು ರೂಪಾಯಿ ಸಾಲ ಮಂಜೂರಾಗಿದೆ ಎಂದು ಹೇಳಿ ದೀಪಾವಳಿಗೆ ಮುಂಚೆ ಸಿದ್ದಮ್ಮನಿಂದ ಮೂವತ್ತು ರೂಪಾಯಿ ಫೀಸು ಪಡೆದಿದ್ದ. ಎಮ್ಮೆ ಕೊಳ್ಳಲು ಅವಳು ಕೂಡಿಟ್ಟ ಹಣ. ಸಾಲ ಬರಲಿಲ್ಲ, ಸ್ಟಾಂಪಿಗೆ ಇನ್ನೂ ಹದಿನೈದು ಬೇಕೆಂಬ ಕಾಗದ ಬಂತು. ಹಾಸನದ ಕಡೆಯಿಂದ ಬಂದು ವರ್ಷವಾಗಿದ್ದ ಸಿದ್ದಮ್ಮನಿಗೆ ಇಲ್ಲಿ ಯಾರನ್ನು ಕೇಳಬೇಕೆಂದು ಗೊತ್ತಿರಲಿಲ್ಲ. ಬೊಳ್ಳಮ್ಮನ ಮುಂದೆ ಅತ್ತಿದ್ದಳು. ಬೊಳ್ಳಮ್ಮ ಎಲ್ಲ ಕೇಳಿ, ತನಗೂ ಒಂದು ಸಾಲ ಬೇಕಿತ್ತು, ಅವನ ವಿಳಾಸ ಕೊಡು ಎಂದಿದ್ದಳು.

ನಾಗರಾಜು ಕಾಫಿಯನ್ನು ತುಳಿದುಕೊಂಡೇ ಜಗಲಿಗೆ ಬಂದ. ಸಾವಿರ ರೂಪಾಯಿಯ ಸಾಲವಂತೆ. ಮೊದಲು ಐವತ್ತು ಫೀಸು. ಇವತ್ತೇ ಕಟ್ಟದಿದ್ದರೆ ಬೇರೆಯವರ ಪಾಲಾಗುತ್ತದಂತೆ.

"ಐವತ್ತು ಎಲ್ಲಿಂದ ತರುದು ಸ್ವಾಮಿ? ವಸ್ತು ಕೊಟ್ರೆ ಆಗ್ತದಾ?"

ಗೋಡೆಯ ಗೂಟದಲ್ಲಿದ್ದ, ತೀರಿಹೋದ ಗಂಡನ ಕೋವಿಯನ್ನು ತಂದು ಮುಂದಿಟ್ಟಳು. ಒಂಟಿ ನಳಿಗೆ. ಎಣ್ಣೆ ಹಾಕಿ ಉಜ್ಜಿದ ಹೊಳಪು. ಇನ್ನೂರಕ್ಕೆ ಕಡಿಮೆಯಿಲ್ಲ ಎಂದು ನಾಗರಾಜು ಮನಸ್ಸಿನಲ್ಲೇ ಬೆಲೆ ಕಟ್ಟಿದ. ಆದರೂ ಲೈಸೆನ್ಸಿನ ಮಾತು ತೆಗೆದ.

"ನಮ್ಮನ್ನ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿದ್ದಿಲ್ಲ," ಎಂದಳು ಬೊಳ್ಳಮ್ಮ.

ಕೋವಿಯ ಹಿಡಿಯ ಮೇಲೆ ಚಾಕುವಿನಿಂದ ಗೀರಿದ ಎರಡು ಗೆರೆಗಳಿದ್ದವು. ನಾಗರಾಜು ಬೆರಳಾಡಿಸಿದ.

"ಬೇಟೆ ಲೆಕ್ಕವಾ? ಹುಲಿಯಾ?"

"ಅಷ್ಟು ದೊಡ್ಡದಲ್ಲ ಸ್ವಾಮಿ. ಊರಿಗೆ ಬಂದು ಕಾಟ ಕೊಟ್ಟವು."

ಸಿದ್ದಮ್ಮ ಅವಳ ಸೆರಗು ಹಿಡಿದೆಳೆದಳು. ಹಬ್ಬದಲ್ಲಿ ಹೂವಿಟ್ಟು ಪೂಜಿಸಿದ ಕೋವಿ ಅದು. ಬೊಳ್ಳಮ್ಮ ಸೆರಗು ಬಿಡಿಸಿಕೊಂಡು, ತನಗೆ ಓದಲು ಬರದಿದ್ದರೂ ಒಂದು ಚೀಟಿ ಇರಲಿ ಎಂದಳು. ಸಾಲದ ಫೀಸಿಗೆ ಒಂದು ಕೋವಿ ಮುಟ್ಟಿದೆ ಎಂದು ಬರೆದು ನಾಗರಾಜು ಸಹಿ ಹಾಕಿದ. ಅವಳು ಕೋವಿಗೆ ಗೋಣಿ ಸುತ್ತಿ ಹಗ್ಗ ಬಿಗಿದಳು. ನಳಿಗೆಯ ತುದಿ ಒಂದು ಗೇಣು ಹೊರಗೇ ಉಳಿಯಿತು.

"ಗೋಣಿ ಗಿಡ್ಡ, ಎಂತ ಮಾಡುದು. ನಾಲ್ಕರ ಬಸ್ಸಿಗೇ ಹೋಗಿ, ಸೀಟು ಸಿಗ್ತದೆ."

ಅವನು ಹೋದ ಮೇಲೆ ಸಿದ್ದಮ್ಮ ಎರಡು ವಾರ ಆ ಮನೆಯ ಕಡೆ ಸುಳಿಯಲಿಲ್ಲ. ತನ್ನ ದೆಸೆಯಿಂದ ಈ ಮುದುಕಿಯೂ ಕೆಟ್ಟಳು ಎಂಬ ಸಂಕಟ.

ಹದಿನೈದನೆಯ ದಿನ ಬೊಳ್ಳಮ್ಮನೇ ಅವಳನ್ನು ಕರೆಸಿದಳು. ಜಗಲಿಯಲ್ಲಿ ಬೊಳ್ಳಮ್ಮನ ಅಣ್ಣನ ಮಗ, ಪೊಲೀಸ್ ದಫೇದಾರ ಕುಶಾಲಪ್ಪ ಕೂತಿದ್ದ. ಪಕ್ಕದಲ್ಲಿ ಕೋವಿ. ಕುಶಾಲನಗರದ ಸೇತುವೆ ಗೇಟಿನಲ್ಲಿ ಸಂಜೆಯ ಬಸ್ಸು ತಪಾಸಣೆ ಮಾಡುವವನು ಅವನೇ. ಗೋಣಿಯಿಂದ ಇಣುಕಿದ ನಳಿಗೆ ಅಂದೇ ಅವನ ಕಣ್ಣಿಗೆ ಬಿದ್ದಿತ್ತು. ಕೊಡಗಿನ ಮನೆಯವರಿಗೆ ಕೋವಿಗೆ ಲೈಸೆನ್ಸು ಬೇಡ; ಹೊರಗಿನವನ ಕೈಯಲ್ಲಿ ಅದೇ ಕೋವಿ ಸಿಕ್ಕರೆ ಜೈಲು. ನಾಗರಾಜು ಕದ್ದದ್ದಲ್ಲವೆಂದು ಸಾಧಿಸಲು ಹೋಗಿ ಸಾಲದ ಕಾಗದಗಳಿದ್ದ ತನ್ನ ಚೀಲವನ್ನೂ ತಾನೇ ಬಿಚ್ಚಿ ತೋರಿಸಿದನಂತೆ. ಒಳಗೆ ನಲವತ್ತೆರಡು ಬಡವರ ಅರ್ಜಿಗಳು, ಅವರ ಹಣ.

ಕುಶಾಲಪ್ಪ ಹೆಬ್ಬೆಟ್ಟು ಒತ್ತಿಸಿಕೊಂಡು ಸಿದ್ದಮ್ಮನ ಮೂವತ್ತು ರೂಪಾಯಿ ಎಣಿಸಿಕೊಟ್ಟ. ಆಮೇಲೆ ಮುಖ ಗಂಭೀರ ಮಾಡಿಕೊಂಡ.

"ಕೋವಿ ಹಾಗೆಲ್ಲ ಪರರ ಕೈಗೆ ಕೊಡುದು ತಪ್ಪು ಅತ್ತೆ."

"ಕಾಯ್ದೆ ನಂಗೆಂತ ಗೊತ್ತು ಮಾರಾಯ?"

"ಅದೂ ಎಳೆಯುವ ಕುದುರೆಯೇ ಮುರಿದ ಕೋವಿ. ಮಾವ ಇರುವಾಗಲೇ ಗುಂಡು ಹಾರ್ತಿರ್ಲಿಲ್ಲ."

ಸಿದ್ದಮ್ಮ ನೋಟುಗಳನ್ನು ಮಡಿಲಿಗೆ ಸೇರಿಸುತ್ತಿದ್ದವಳು ತಲೆಯೆತ್ತಿದಳು. ಹಾರದ ಕೋವಿಗೆ ಬೇಟೆಯ ಲೆಕ್ಕ ಹೆಂಗೆ ಬಂತು ಎಂದು ಕೇಳಿದಳು.

ಬೊಳ್ಳಮ್ಮ ಒಳಗಿನಿಂದ ಚಾಕು ತಂದು, ಎರಡು ಗೆರೆಗಳ ಪಕ್ಕ ಮೂರನೆಯದನ್ನು ಗೀರಿದಳು.