ಮೂರನೇ ಜೊತೆ ಚಪ್ಲಿ

ನಮ್ಮನೆ ದೇವ್ರಾಣೆಗೂ ಇದು ನಡೆದಿದ್ದು ಕಣ್ರಪ್ಪ, ಸುಳ್ಳಾದ್ರೆ ನನ್ ನಾಲ್ಗೆ ಸೇದೋಗ್ಲಿ.

ಮಟಮಟ ಮಧ್ಯಾಹ್ನ. ಚಪ್ಲಿ ಅಂಗಡೀಲಿ ಕೆಲ್ಸಕ್ಕಿದ್ದ ನಂಜುಂಡಿ ಒಬ್ನೇ ಇದ್ದ. ಬಾಗ್ಲು ತೆಗೆದ ಸದ್ದೇ ಇಲ್ಲ, ನೋಡಿದ್ರೆ ಎದುರಿಗೇ ಒಬ್ಬ ಹೆಂಗ್ಸು ಡಬ್ಬಿ ಹಿಡ್ಕೊಂಡು ಕೂತವ್ಳೆ. ಸೀರೆ ನೆರಿಗೆ ನೆಲ ಮುಟ್ಟಿತ್ತು.

"ಇದನ್ನ ವಾಪಸ್ ತಗೋಳಣ್ಣ. ಮೂರನೇ ಜೊತೆ ಇದು, ಒಂದೂ ನನ್ ಕಾಲಿಗೆ ಹೊಂದ್ಲಿಲ್ಲ."

"ಅಕ್ಕಾ, ಇದು ನೀವು ವೆಬ್‌ಸೈಟಲ್ಲಿ ತಗೊಂಡಿದ್ದು. ಅದೇ ಬೇರೆ, ಅಂಗಡೀನೇ ಬೇರೆ."

"ಬೋರ್ಡ್ ಮೇಲಿರೋ ಹೆಸ್ರೇ ಡಬ್ಬಿ ಮೇಲೂ ಐತಲ್ಲಪ್ಪ?"

"ಹೆಸ್ರು ಒಂದೇ ಕಣಕ್ಕ, ಪಾಲಾದ ಅಣ್ತಮ್ಮಂದಿರ ಥರ ಒಲೆ ಬೇರೆ. ನಾನಿದನ್ನ ತಗೊಂಡ್ರೆ ಯಜಮಾನ್ರು ಇವತ್ತೇ ನನ್ನ ಕೆಲ್ಸದಿಂದ ಓಡಿಸ್ತಾರೆ."

"ತಗೊಳ್ದೆ ಇದ್ರೆ ನಾನು ಇಲ್ಲಿಂದ ಏಳಲ್ಲ," ಅಂದ್ಲು. ತಿರುಗ್ತಿದ್ದ ಫ್ಯಾನು ಗಕ್ಕಂತ ನಿಂತೋಯ್ತು. ಅಂಗಡಿಯೆಲ್ಲ ತಣ್ಣಗಾಯ್ತು.

ನಂಜುಂಡಿ ಒಂದ್ಸಲ ಫ್ಯಾನ್ ಕಡೆ ನೋಡ್ದ, ಒಂದ್ಸಲ ಅವಳ ಕಡೆ ನೋಡ್ದ. ಆದ್ರೂ ಹದಿನೆಂಟು ವರ್ಷದ ಕಸುಬು ನೋಡಿ, ಸ್ಟೂಲು ಎಳ್ಕೊಂಡು ಅವಳ ಮುಂದೆ ಕೂತ.

"ವೆಬ್‌ಸೈಟಿಗೆ ನಂಬರ್ ಗೊತ್ತು, ಕಾಲು ಕಾಣಲ್ಲಕ್ಕ. ಎಲ್ಲಿ, ಕಾಲು ಕೊಡಿ."

ಅವಳು ನೆರಿಗೆ ಎತ್ತಿದ್ಲು. ಮುಖ ಇವನ ಕಡೆಗೇ ಇತ್ತು. ಹಿಮ್ಮಡೀನೂ ಇವನ ಕಡೆಗೇ ಇತ್ತು.

ನಂಜುಂಡಿ ಚಪ್ಲೀನ ಹಿಂದುಮುಂದು ಮಾಡಿ ತೊಡಿಸ್ದ.

"ಈಗ ನೋಡಣ್ಣ, ಹೇಳಿ ಮಾಡ್ಸಿದಂಗೈತೆ," ಅಂತ ನಗ್ತಾ ಎದ್ದೋದ್ಲು.

ಅಲ್ಲಾ, ನೀವೂ ಆಗ್ಲಿಂದ ಪಂಚೆ ಇಳಿಬಿಟ್ಕೊಂಡೇ ಕೂತಿದೀರಲ್ಲ, ಎಲ್ಲಿ, ಒಂಚೂರು ಕಾಲು ತೋರ್ಸಿ ನೋಡನ.