ಹೆಸರಿನ ಚೀಟಿ ಕಟ್ಟಿದ ಸಸಿ

ಹುಲ್ಲುಗಾವಲಿನಲ್ಲಿ ಅಕೇಶಿಯಾ ಸಸಿ ಕಿತ್ತಾಗ ಅಂಗೈಗೆ ಅಂಟುವ ಹಸಿ ವಾಸನೆ ನನ್ನನ್ನು ಈಗಲೂ ಹಳಿಯಾಳದ ಒಂದು ಮಧ್ಯಾಹ್ನಕ್ಕೆ ಒಯ್ಯುತ್ತದೆ.

ಪರಿಸರ ದಿನವೆಂದು ಶಾಲೆಯವರೆಲ್ಲ ಊರ ಹುಲ್ಲುಗಾವಲಿನಲ್ಲಿ ಸಸಿ ನೆಟ್ಟು, ಒಂದೊಂದಕ್ಕೂ ನೆಟ್ಟವರ ಹೆಸರಿನ ಚೀಟಿ ಕಟ್ಟಿದ್ದೆವು. ನನ್ನದನ್ನು ತೋರಿಸಲು ಅಜ್ಜಿಯನ್ನು ಕರೆತಂದೆ. ಅವಳು ಕೂತು, ಗುಂಡಿಯಿಂದ ಎತ್ತಿ ಹಾಕಿದ್ದ ಮಣ್ಣು ಸರಿಸಿದಳು. ಅಡಿಯಲ್ಲಿ ನೆಲಗುಬ್ಬಿಯ ಗೂಡು, ಒಡೆದ ಮೊಟ್ಟೆಗಳು.

"ಕಿತ್ತು ಒಗಿ ಇದನ್ನ," ಎಂದಳು.

ಗುರುಗಳು ಓಡಿ ಬಂದರು. "ಗಿಡಕ್ಕ ಕೈ ಹಚ್ಚಬ್ಯಾಡ್ರಿ ಅಜ್ಜಿ! ಖಾಲಿ ಬಿದ್ದ ಜಾಗಾ ಇದು."

"ಖಾಲಿ ಅಂತ ಯಾರಂದ್ರು? ಹಕ್ಕಿ ಬಾಳೇ ಮಾಡೂ ಜಾಗಾರೀ. ನಿಮ್ಮ ಗಿಡ ಎದ್ರ ಹುಲ್ಲು ಉಳಿತೈತೇನು?"

ಗುರುಗಳು ನನ್ನನ್ನು ದುರುಗುಟ್ಟಿ ನೋಡಿದರು. ನನ್ನ ಹೆಸರಿನ ಸಸಿಯನ್ನು ಬೇರುಸಹಿತ ಕಿತ್ತೆ. ಆಮೇಲೆ ಗುರುಗಳ ಹೆಸರಿನದಕ್ಕೆ ಕೈ ಹಾಕಿದೆ.